ಪೆರು ಕಾಫಿ ಸಪ್ಪೆಯೋ, ನಾವೇ ಸರಿಯಾದ ಚೀಲ ಹಿಡಿದಿಲ್ಲವೋ?

ಎಡಿಸನ್ ಡಿಕಾಕ್ಷನ್:
ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಗೆ ಬಂದು ಹದಿನೈದು ವರ್ಷ ಆಯಿತು, ಸ್ಟೀಲ್ ಫಿಲ್ಟರ್ ಮಾತ್ರ ಬಿಟ್ಟಿಲ್ಲ. ಊರಿನ ಪುಡಿ ಮುಗಿದ ಮೇಲೆ ಇಲ್ಲಿನ ಬೀಜ ತಂದು ಮನೆಯಲ್ಲೇ ಪುಡಿ ಮಾಡಿಕೊಳ್ಳುತ್ತೇನೆ. ಹೋದ ತಿಂಗಳು ಸೂಪರ್ ಮಾರ್ಕೆಟ್‌ನಲ್ಲಿ "ಪೆರು, ಆರ್ಗ್ಯಾನಿಕ್" ಅಂತ ಬರೆದ ಚೀಲ ಅಗ್ಗಕ್ಕೆ ಸಿಕ್ಕಿತು, ತಂದೆ. ಡಿಕಾಕ್ಷನ್ ಚೆನ್ನಾಗೇ ಇಳಿಯಿತು. ಕುಡಿದರೆ ಹಳೇ ಗೋಣಿಚೀಲ ನೆನೆಸಿಟ್ಟ ನೀರು! ನನ್ನ ಹೆಂಡತಿ ಒಂದು ಗುಟುಕು ಕುಡಿದು "ಇದನ್ನ ಗುಲಾಬಿ ಗಿಡಕ್ಕೆ ಹಾಕಿ" ಅಂದಳು.

ಅದಾದ ಎರಡು ವಾರಕ್ಕೆ ಆಫೀಸಿನ ಗೆಳೆಯನ ಮನೆಗೆ ಹೋಗಿದ್ದೆ. ಅವನು ಹಾಲಿಲ್ಲದ ಕಾಫಿ ಕೊಟ್ಟ. ಮೂಸಂಬಿ ಸಿಪ್ಪೆಯ ಘಮ, ಕೊನೆಯಲ್ಲಿ ಬೆಲ್ಲದ ಪಾಕದ ಥರ ಸಿಹಿ. ಯಾವ ಕಾಫಿ ಅಂತ ಕೇಳಿದರೆ ಅದೂ ಪೆರು! ಒಂದೇ ದೇಶದಿಂದ ಬಂದ ಎರಡು ಚೀಲಕ್ಕೆ ಇಷ್ಟು ವ್ಯತ್ಯಾಸ ಹೇಗೆ? ಕಾಫಿ ಬಲ್ಲವರು ಪೆರು ಅಂದರೆ ಮೂಗು ಮುರಿಯುತ್ತಾರೆ ಅಂತಲೂ ಕೇಳಿದ್ದೇನೆ. ತಿಳಿದವರು ಹೇಳಿ.

ಕಪ್ಪು ಕಾಫಿ ಕೃಷ್ಣ:
ಮೂಗು ಮುರಿಯುವುದರಲ್ಲಿ ತಪ್ಪೇನಿದೆ ಸಾರ್? ಪೆರು ಅಂದರೆ ಬ್ಲೆಂಡ್‌ನಲ್ಲಿ ಜಾಗ ತುಂಬಿಸುವ ಬೀಜ. ಇಥಿಯೋಪಿಯಾದ ಹೂವಿನ ಘಮ ಇಲ್ಲ, ಕೀನ್ಯಾದ ಹುಳಿ ಇಲ್ಲ, ಬ್ರೆಜಿಲ್‌ನ ಮೈಕಟ್ಟೂ ಇಲ್ಲ. ಹಾಲು ಚಾಕೊಲೇಟ್, ಸ್ವಲ್ಪ ಕಡಲೆಬೀಜದ ರುಚಿ, ಅಷ್ಟೇ. ಕೆಟ್ಟದ್ದು ಅನ್ನಲ್ಲ. ನೆನಪಿನಲ್ಲಿ ಉಳಿಯಲ್ಲ.

ಹ್ಯಾಂಬರ್ಗ್ ಮಲೆನಾಡಿಗ:
ಕೃಷ್ಣ ಅವರೇ, ಅರ್ಧ ಒಪ್ಪುತ್ತೇನೆ. ನೀವು ಹೇಳಿದ್ದು "ಪೆರು" ಅಂತ ಮಾತ್ರ ಬರೆದ ಚೀಲಕ್ಕೆ ಸರಿ. ಆ ಚೀಲದಲ್ಲಿ ಪೆರು ಅನ್ನುವ ಒಂದು ರುಚಿ ಇರುವುದಿಲ್ಲ. ಹತ್ತು ಕಣಿವೆಯ ಬೀಜ ಬೆರೆತು, ಯಾರ ಗುಣವೂ ಕಾಣದ ಹಾಗಾಗಿರುತ್ತದೆ.

ನಾನಿರುವ ಊರು ದೊಡ್ಡ ಕಾಫಿ ಬಂದರು. ಪೆರುವಿನ ಬೀಜವನ್ನು ಜಾಸ್ತಿ ಕೊಳ್ಳುವ ದೇಶಗಳು ಅಮೆರಿಕ ಮತ್ತು ಜರ್ಮನಿ, ಹಾಗಾಗಿ ಇಲ್ಲಿ ತರಹೇವಾರಿ ಸಿಗುತ್ತವೆ. ಆರೇಳು ವರ್ಷದಿಂದ ಹವ್ಯಾಸಕ್ಕೆ ಕಪ್ಪಿಂಗ್, ಅಂದರೆ ಕಾಫಿಯ ರುಚಿ ನೋಡಿ ಅಂಕ ಕೊಡುವುದು, ಮಾಡುತ್ತಿದ್ದೇನೆ. ಕಂಡದ್ದು ಹೇಳುತ್ತೇನೆ.

ಆಂಡೀಸ್ ಬೆಟ್ಟದ ಪೂರ್ವ ಮಗ್ಗುಲು ಅಮೆಜಾನ್ ಕಡೆಗೆ ಇಳಿಯುತ್ತದಲ್ಲ, ಅಲ್ಲಿ ಉತ್ತರದಿಂದ ದಕ್ಷಿಣದ ತನಕ ಕಾಫಿ ಪಟ್ಟಿ ಹರಡಿದೆ. ಉತ್ತರದಲ್ಲಿ ಈಕ್ವೆಡಾರ್ ಗಡಿಗೆ ಅಂಟಿಕೊಂಡ ಕಹಮಾರ್ಕ ಪ್ರಾಂತ್ಯ, ಅದರಲ್ಲಿ ಹಯೇನ್ ಮತ್ತು ಸಾನ್ ಇಗ್ನಾಸಿಯೋ. ಪಕ್ಕದಲ್ಲಿ ಅಮಜೋನಾಸ್, ಸಾನ್ ಮಾರ್ಟಿನ್. ನಡುವೆ ಚಾಂಚಮಾಯೊ, ಸಾತಿಪೊ, ವಿಯ್ಯಾ ರಿಕಾ. ದಕ್ಷಿಣಕ್ಕೆ ಕುಸ್ಕೋದ ಲಾ ಕಾನ್ವೆನ್ಸಿಯೋನ್ ಕಣಿವೆ. ಇನ್ನೂ ಕೆಳಗೆ, ಟಿಟಿಕಾಕ ಸರೋವರ ಇರುವ ಪುನೊ ಪ್ರಾಂತ್ಯದ ಸಾಂಡಿಯ. ಈ ತುದಿಗೂ ಆ ತುದಿಗೂ ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ. ತೋಟಗಳು 1200 ಮೀಟರ್‌ನಿಂದ ಶುರುವಾಗಿ ಕೆಲವು ಕಡೆ 2000 ದಾಟುತ್ತವೆ. ಬಾಬಾಬುಡನ್‌ಗಿರಿಯ ನೆತ್ತಿ ಇರುವುದೇ ಸುಮಾರು 1900 ಮೀಟರ್, ಯೋಚನೆ ಮಾಡಿ! ಆ ಎತ್ತರದಲ್ಲಿ ಹಣ್ಣು ನಿಧಾನ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ, ಸಿಹಿ ಹಿಡಿಯುತ್ತದೆ.

ನಿಮ್ಮ ಗೆಳೆಯ ಕೊಟ್ಟದ್ದು ಬಹುಶಃ ಉತ್ತರದ್ದು ಅಥವಾ ಕುಸ್ಕೋದ್ದು. ಚೀಲದ ಹಿಂದೆ ಊರಿನ ಹೆಸರು ಏನಿತ್ತು, ಕೇಳಿ ನೋಡಿ.

ಎಡಿಸನ್ ಡಿಕಾಕ್ಷನ್:
ಕೇಳಿದೆ. ಸಾನ್ ಇಗ್ನಾಸಿಯೋ. ನನ್ನ ಗೋಣಿ ಕಾಫಿಯ ಚೀಲದಲ್ಲಿ ದೇಶದ ಹೆಸರು ಬಿಟ್ಟರೆ ಏನೂ ಇಲ್ಲ. ಹುರಿದ ದಿನಾಂಕವೂ ಇಲ್ಲ.

ಮೂಡಿಗೆರೆ ಕಣ:
ಗೋಣಿ ವಾಸನೆ ಅಂದಿರಲ್ಲ ಮಾರಾಯ್ರೆ, ಅಲ್ಲೇ ಸಿಕ್ಕಿಬಿತ್ತು. ಅದು ಹಳೇ ಬೆಳೆ. ಹಸಿ ಬೀಜ ವರ್ಷಕ್ಕಿಂತ ಜಾಸ್ತಿ ಗೋದಾಮಿನಲ್ಲಿ ಬಿದ್ದಿದ್ದರೆ ಹಾಗೇ ಆಗುವುದು. ಅಥವಾ ಸರಿಯಾಗಿ ಒಣಗಿಸಿಲ್ಲ. ಎರಡೂ ಇರಬಹುದು. ನಾನು ಪೆರು ನೋಡಿದವನಲ್ಲ. ಆದರೆ ಕಾಫಿ ಒಣಗಿಸುವ ಕಷ್ಟ ಎಲ್ಲ ಕಡೆ ಒಂದೇ.

ನಮಗೆ ಅರೇಬಿಕಾ ಕುಯ್ಲು ನವೆಂಬರ್‌ನಿಂದ ಜನವರಿ. ಆಗ ಬಿಸಿಲು. ಪಲ್ಪ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು, ಕಣದಲ್ಲಿ ಹರವಿ, ದಿನಕ್ಕೆ ಹತ್ತು ಸಲ ಎಳೆದು ತಿರುವಿದರೆ ಎಂಟು ಹತ್ತು ದಿನಕ್ಕೆ ಒಳಸಿಪ್ಪೆ ಸಮೇತದ ಒಣ ಬೀಜ, ಅದೇ ಪಾರ್ಚ್‌ಮೆಂಟ್, ತಯಾರು. ಈಗೀಗ ಡಿಸೆಂಬರ್‌ನಲ್ಲೂ ಮಳೆ ಬಂದು ಕಣದ ತುಂಬ ಟಾರ್ಪಾಲ್ ಹೊದೆಸಿ ಕೂರುವ ಹಾಗಾಗಿದೆ, ಅದು ಬೇರೆ ಕತೆ. ಎರಡು ವರ್ಷದ ಹಿಂದೆ ನನ್ನದೇ ಮೂವತ್ತು ಮೂಟೆ ಬೂಸಲು ಬಂದು, ವ್ಯಾಪಾರಿ ಕೇಳಿದ ರೇಟಿಗೆ ಬಾಯಿ ಮುಚ್ಚಿ ಕೊಟ್ಟು ಬಂದೆ. ಮೇಲಿನ ಆ ಮಂಜಿನ ಬೆಟ್ಟದಲ್ಲಿ, ಎರಡು ಎಕರೆಯವನು, ಸಿಮೆಂಟ್ ಕಣವೂ ಇಲ್ಲದೆ ಹೇಗೆ ಒಣಗಿಸುತ್ತಾನೋ ದೇವರೇ ಬಲ್ಲ.

ಹ್ಯಾಂಬರ್ಗ್ ಮಲೆನಾಡಿಗ:
ಕಣದವರು ಸರಿಯಾದ ಜಾಗಕ್ಕೇ ಬಂದರು. ಪೆರುವಿನ ಹೆಸರು ಕೆಟ್ಟಿರುವುದು ಗಿಡದಲ್ಲಲ್ಲ, ಒಣಗಿಸುವಲ್ಲಿ.

ಅಲ್ಲಿ ಸುಮಾರು 2 ಲಕ್ಷ 20 ಸಾವಿರ ಕುಟುಂಬಗಳು ಕಾಫಿ ಬೆಳೆಯುತ್ತವೆ. ಹೆಚ್ಚಿನವರಿಗೆ ಇರುವುದು ಒಂದರಿಂದ ಮೂರು ಹೆಕ್ಟೇರ್. ಪ್ರತಿ ಮನೆಯಲ್ಲೂ ಕೈಯಲ್ಲಿ ತಿರುಗಿಸುವ ಸಣ್ಣ ಪಲ್ಪರ್, ಮರದ ಪೆಟ್ಟಿಗೆ ಇಲ್ಲವೇ ಸಿಮೆಂಟ್ ತೊಟ್ಟಿ. ರಾತ್ರಿ ಹುದುಗಲು ಬಿಟ್ಟು, ಬೆಳಗ್ಗೆ ಲೋಳೆ ತೊಳೆದು, ಅಂಗಳದಲ್ಲಿ ಪ್ಲಾಸ್ಟಿಕ್ ಹಾಸಿ ಹರವುತ್ತಾರೆ. ಅಂದರೆ ಎರಡು ಲಕ್ಷ ಮನೆಯಲ್ಲಿ ಎರಡು ಲಕ್ಷ ಥರದ ಸಂಸ್ಕರಣೆ. ಎತ್ತರದ ಊರುಗಳಲ್ಲಿ ಮಂಜು, ಸಂಜೆ ಮಳೆ. ಪೂರ್ತಿ ಒಣಗುವ ಮೊದಲೇ ದುಡ್ಡಿನ ಅವಸರಕ್ಕೆ ಮಾರುತ್ತಾರೆ. ಹೇಸರಗತ್ತೆಯ ಮೇಲೆ ಹೇರಿ ರಸ್ತೆಯ ತನಕ ತಂದರೆ, ಅಲ್ಲಿ ಮಧ್ಯವರ್ತಿ ಒದ್ದೆ ಬೀಜ, ಒಣ ಬೀಜ, ಮೇಲಿನ ಊರಿನದ್ದು, ಕೆಳಗಿನ ಊರಿನದ್ದು ಎಲ್ಲ ಒಂದೇ ರಾಶಿ ಮಾಡುತ್ತಾನೆ. ನಿಮ್ಮಲ್ಲಿ ಔಟ್‌ಟರ್ನ್ ನೋಡುತ್ತಾರಲ್ಲ, ಹಾಗೇ ಅಲ್ಲೂ. ಪಾರ್ಚ್‌ಮೆಂಟ್ ಸುಲಿದರೆ ಎಷ್ಟು ಬೀಜ ಸಿಗುತ್ತದೆ ಅನ್ನುವುದಕ್ಕೇ ರೇಟು. ಲೋಟದಲ್ಲಿ ರುಚಿ ಹೇಗಿದೆ ಅಂತ ಆ ಹಂತದಲ್ಲಿ ಯಾರೂ ಕೇಳುವುದಿಲ್ಲ.

ಈಚೆಗೆ ಬದಲಾಗುತ್ತಿದೆ. ಪಾರದರ್ಶಕ ಪ್ಲಾಸ್ಟಿಕ್ ಛಾವಣಿಯ ಕೆಳಗೆ ಅಟ್ಟಣೆ ಕಟ್ಟಿ ಒಣಗಿಸುವುದು ಸಹಕಾರ ಸಂಘಗಳ ಕಡೆ ರೂಢಿಗೆ ಬಂದಿದೆ. ಹಯೇನ್ ಊರಿನಲ್ಲಿ ಸಂಘಗಳದ್ದೇ ಕಪ್ಪಿಂಗ್ ಲ್ಯಾಬ್‌ಗಳಿವೆ. ರೈತನ ಮುಂದೆಯೇ ಅವನ ಬೀಜ ಹುರಿದು ರುಚಿ ನೋಡಿ ಅಂಕ ಹೇಳುತ್ತಾರೆ. ದೇಶದ ಅತ್ಯುತ್ತಮ ಕಾಫಿ ಆರಿಸುವ ಕಪ್ ಆಫ್ ಎಕ್ಸಲೆನ್ಸ್ ಸ್ಪರ್ಧೆ ಪೆರುವಿಗೆ ಬಂದದ್ದೇ 2017ರಲ್ಲಿ. ಬ್ರೆಜಿಲ್‌ನಲ್ಲಿ ಅದು 1999ರಲ್ಲೇ ಶುರುವಾಗಿತ್ತು. ಹೆಸರು ಮಾಡಲು ಪೆರು ಅಷ್ಟು ತಡವಾಗಿ ಹೊರಟಿತು.

ಕಪ್ಪು ಕಾಫಿ ಕೃಷ್ಣ:
ಸರಿ, ಒಪ್ಪಿದೆ. ಆದರೆ ಮಾರುಕಟ್ಟೆ ದಡ್ಡನಲ್ಲ. ಮುಂದೆ ಕೊಡುವ ಕಾಫಿಗೆ ಈಗಲೇ ಬೆಲೆ ಕಟ್ಟುವ ನ್ಯೂಯಾರ್ಕ್ ವಾಯಿದೆ ಮಾರುಕಟ್ಟೆಯ ನಿಯಮದಲ್ಲೇ ಕೊಲಂಬಿಯಾದ ಬೀಜಕ್ಕೆ ಪೌಂಡಿಗೆ 4 ಸೆಂಟ್ ಜಾಸ್ತಿ. ಪೆರುವಿಗೆ ಜಾಸ್ತಿಯೂ ಇಲ್ಲ, ಕಡಿಮೆಯೂ ಇಲ್ಲ. ಸುಮ್ನೆ ಹಾಗೆ ಮಾಡುತ್ತಾರಾ?

ಹ್ಯಾಂಬರ್ಗ್ ಮಲೆನಾಡಿಗ:
ಅದೇ ನಿಯಮದಲ್ಲಿ ಭಾರತದ ಅರೇಬಿಕಾಗೆ 1 ಸೆಂಟ್ ಕಡಿಮೆ ಇದೆ ಕೃಷ್ಣ ಅವರೇ. ಹಾಗಂತ ಕಣದವರ ಕಾಫಿ ಪೆರುವಿಗಿಂತ ಕೀಳು ಅಂತೀರಾ?

ಮೂಡಿಗೆರೆ ಕಣ:
ನನ್ನನ್ನು ಎಳೀಬೇಡಿ ಮಾರಾಯ್ರೆ 😄

ಕಪ್ಪು ಕಾಫಿ ಕೃಷ್ಣ:
ಸರಿ, ಈ ಲೋಟ ನಿಮ್ಮದು.

ಲಿಮಾದಿಂದ ಲಕ್ಷ್ಮೀಪುರಂ:
ಈ ಚರ್ಚೆ ನೋಡಿ ತಡೆಯಲಾಗಲಿಲ್ಲ. ನಮ್ಮವರ ಪ್ರಾಜೆಕ್ಟ್ ಸಲುವಾಗಿ ಮೂರು ವರ್ಷ ಲಿಮಾದಲ್ಲಿದ್ದೆವು. ಈಗ ಮೈಸೂರಿಗೆ ವಾಪಸ್.

ಮೊದಲ ತಿಂಗಳು ನನಗಾದ ಆಶ್ಚರ್ಯ ಏನು ಗೊತ್ತಾ? ಇಷ್ಟು ಕಾಫಿ ಬೆಳೆಯುವ ದೇಶದಲ್ಲಿ ಯಾರ ಮನೆಗೆ ಹೋದರೂ ಡಬ್ಬಿಯ ಇನ್‌ಸ್ಟಂಟ್ ಪುಡಿ, ಪಕ್ಕದಲ್ಲಿ ಬಿಸಿನೀರು. ಒಳ್ಳೆಯ ಬೀಜವೆಲ್ಲ ಹಡಗು ಹತ್ತುತ್ತದೆ. ಮನೆಯವರಿಗೆ ಉಳಿದದ್ದು. ಹೆಮ್ಮೆಯಿಂದ ಕುಡಿಯುವವರೇ ಇಲ್ಲದಿದ್ದರೆ ಹೊರಗಿನವರು ಹೊಗಳುತ್ತಾರಾ? ಈಗ ಆಗಸ್ಟ್ ತಿಂಗಳ ನಾಲ್ಕನೇ ಶುಕ್ರವಾರವನ್ನು ಪೆರು ಕಾಫಿ ದಿನ ಅಂತ ಮಾಡುತ್ತಾರೆ, ಲಿಮಾದ ಮಿರಾಫ್ಲೋರೆಸ್, ಬರಾಂಕೊ ಕಡೆ ಒಳ್ಳೊಳ್ಳೆಯ ಕಾಫಿ ಅಂಗಡಿಗಳೂ ಬಂದಿವೆ.

ಆದರೆ ಹಳೇ ಕಾಲದ ಮನೆಗಳಲ್ಲಿ ಒಂದು ಕಾಫಿ ಉಂಟು, 'ಕಫೆ ಪಸಾದೊ'. ನಮ್ಮ ಮನೆ ಮಾಲೀಕರ ಅಜ್ಜಿ ಮಾಡುತ್ತಿದ್ದರು. ಮೊದಲ ಸಲ ಅವರ ಅಡುಗೆಮನೆಗೆ ಹೋದಾಗ ನನಗೆ ನಗು ತಡೆಯಲಾಗಲಿಲ್ಲ. ಒಲೆ ಪಕ್ಕದಲ್ಲಿ ಎರಡು ಅಂತಸ್ತಿನ ಲೋಹದ ಪಾತ್ರೆ, ಮೇಲಿನದ್ದರ ತಳದಲ್ಲಿ ತೂತು, ಪುಡಿ ಒತ್ತಿ ಬಿಸಿನೀರು ಸುರಿದರೆ ತೊಟ್ಟು ತೊಟ್ಟಾಗಿ ಕೆಳಗೆ ಇಳಿಯುತ್ತದೆ. ನಮ್ಮ ಫಿಲ್ಟರೇ! ಇಳಿದ ಗಟ್ಟಿ ಕಾಫಿಗೆ ಅವರು 'ಎಸೆನ್ಸಿಯ' ಅನ್ನುತ್ತಾರೆ, ನಾವು ಡಿಕಾಕ್ಷನ್ ಅನ್ನುತ್ತೇವೆ. ಅದನ್ನು ಸಣ್ಣ ಜಗ್ಗಿನಲ್ಲಿ ಮೇಜಿನ ಮೇಲೆ ಇಡುತ್ತಾರೆ. ಬೇಕಾದವರು ಬೇಕಾದಷ್ಟು ಬಗ್ಗಿಸಿಕೊಂಡು ಬಿಸಿನೀರು ಬೆರೆಸಿಕೊಳ್ಳುತ್ತಾರೆ. ಹಾಲು ಕಡಿಮೆ, ಜತೆಗೆ ಬ್ರೆಡ್ಡು.

ನಾನು ಒಂದು ದಿನ ಅವರ ಎಸೆನ್ಸಿಯಕ್ಕೆ ಕುದಿಯುವ ಹಾಲು ಹಾಕಿ, ಎರಡು ಲೋಟದಲ್ಲಿ ಎತ್ತಿ ಹೊಯ್ದು ನೊರೆ ಬರಿಸಿ ಕೊಟ್ಟೆ. ಅಜ್ಜಿ ಪೂರ್ತಿ ಕುಡಿದರು. ಆಮೇಲೆ "ಹಾಲು ಚೆನ್ನಾಗಿದೆ" ಅಂದರು. ಕಾಫಿ ಬಗ್ಗೆ ಒಂದು ಮಾತೂ ಆಡಲಿಲ್ಲ!

ಸಾಗರದ ಸುಮ:
ಅಕ್ಕ, ಈ ಒಂದು ಬರಹಕ್ಕೆ ಇಡೀ ಚರ್ಚೆ ಸಾರ್ಥಕ 😂

ಎಡಿಸನ್ ಡಿಕಾಕ್ಷನ್:
ಹಾಗಾದರೆ ಫಿಲ್ಟರ್‌ನಲ್ಲಿ ಮಾಡಿದ್ದು ನನ್ನ ತಪ್ಪಲ್ಲ ಅಂತಾಯಿತು. ಅಂದ ಹಾಗೆ ಆ ಬೀಜ ಬೆಂಗಳೂರಲ್ಲಿ ಸಿಗುತ್ತಾ? ಅಪ್ಪನಿಗೆ ಕಳಿಸಬೇಕಿತ್ತು.

ಬಸವನಗುಡಿ ರೋಸ್ಟರ್:
ಸಿಗುವುದು ಅಪರೂಪ. ಕಾಫಿ ಬೀಜದ ಆಮದಿಗೆ ನಮ್ಮಲ್ಲಿ 100% ಸುಂಕ. ಬರುವವರ ಕೈಯಲ್ಲಿ ಅರ್ಧ ಕೆಜಿ ಕಳಿಸಿ. ನಾನು ಹಾಗೆ ತರಿಸಿಕೊಂಡು ಮೂರು ಸಲ ಹುರಿದಿದ್ದೇನೆ.

ಕಡು ಹುರಿದರೆ ಪೆರು ಸತ್ತುಹೋಗುತ್ತದೆ. ನಮ್ಮ ಪ್ಲಾಂಟೇಶನ್ ಎ, ಪೀಬೆರಿ ದರ್ಜೆಯ ಬೀಜ ಹುರಿಯುವ ಬಣ್ಣಕ್ಕೆ ತಂದರೆ ಬರೀ ಕಹಿ ಉಳಿಯುತ್ತದೆ. ಮಧ್ಯಮದಲ್ಲಿ ನಿಲ್ಲಿಸಿ. ಹಾಲಿಗೆ ಬೇಕಿದ್ದರೆ ಅದಕ್ಕಿಂತ ಒಂದು ಚೂರು ಮುಂದೆ, ಎಣ್ಣೆ ಮೇಲೆ ಬರುವ ಮೊದಲು. ಚಿಕೋರಿ 20%, 30% ಹಾಕುವ ಅಭ್ಯಾಸ ಇದ್ದವರು 10%ಗೆ ಇಳಿಸಿ. ಜಾಸ್ತಿ ಹಾಕಿದರೆ ನೀವು ಕುಡಿಯುವುದು ಚಿಕೋರಿ, ಪೆರು ಅಲ್ಲ.

ಸಾಗರದ ಸುಮ:
ನನ್ನದೊಂದು ಪ್ರಶ್ನೆ. ಟೊರೊಂಟೊದಲ್ಲಿ ಬಸುರಿಯಾಗಿದ್ದಾಗ ಕೆಫೀನ್ ತೆಗೆದ ಡೀಕ್ಯಾಫ್ ಕಾಫಿ ಕುಡಿಯುತ್ತಿದ್ದೆ. ಯಾವ ಚೀಲ ನೋಡಿದರೂ ಪೆರು, ಆರ್ಗ್ಯಾನಿಕ್. ಪೆರುವಿನಲ್ಲಿ ಯಾಕೆ ಇಷ್ಟೊಂದು ಆರ್ಗ್ಯಾನಿಕ್? ನಿಜವೋ, ಸುಮ್ನೆ ಲೇಬಲ್ಲೋ?

ಹ್ಯಾಂಬರ್ಗ್ ಮಲೆನಾಡಿಗ:
ನಿಜವೇ, ಆದರೆ ಅದರ ಹಿಂದೆ ಬಡತನವೂ ಇದೆ. ಸಾವಯವ ಕಾಫಿ ರಫ್ತಿನಲ್ಲಿ ಪೆರು ಜಗತ್ತಿನ ಮುಂಚೂಣಿಯ ದೇಶಗಳಲ್ಲಿ ಒಂದು. ಗೊಬ್ಬರಕ್ಕೆ ದುಡ್ಡಿಲ್ಲದ ಸಣ್ಣ ರೈತರು ಮೊದಲಿಂದಲೂ ಏನೂ ಹಾಕದೆ ಬೆಳೆಯುತ್ತಿದ್ದರು. ಸಹಕಾರ ಸಂಘಗಳು ಅದಕ್ಕೆ ಸರ್ಟಿಫಿಕೇಟ್ ಮಾಡಿಸಿ ಸ್ವಲ್ಪ ಹೆಚ್ಚಿನ ಬೆಲೆ ತಂದವು. ಕೆಲವರು ಕಡಲ ಹಕ್ಕಿಗಳ ಹಿಕ್ಕೆ, ಅಂದರೆ ಗ್ವಾನೊ ಹಾಕುತ್ತಾರೆ. ನೆರಳಿಗೆ ಇಂಗಾ ಜಾತಿಯ ಮರ, ಅದರ ಉದ್ದ ಕಾಯಿಯೊಳಗೆ ಹತ್ತಿಯ ಹಾಗಿರುವ ಸಿಹಿ ತಿರುಳನ್ನು ಮಕ್ಕಳು ತಿನ್ನುತ್ತಾರೆ.

ಆದರೆ ಇದೇ ಅವರ ಹೆಸರಿಗೆ ಮುಳುವಾಯಿತು ಅನ್ನುವುದು ನನ್ನ ಅನಿಸಿಕೆ. ಕೊಳ್ಳುವವರು "ಅಗ್ಗದ ಸರ್ಟಿಫಿಕೇಟ್ ಕಾಫಿ ಬೇಕು" ಅಂದಾಗಲೆಲ್ಲ ಪೆರುವಿನ ಕಡೆ ನೋಡಿದರು. ರುಚಿ ಕೇಳಲಿಲ್ಲ, ಕಾಗದ ಕೇಳಿದರು. ಡೀಕ್ಯಾಫ್‌ಗೆ ಜಾಸ್ತಿ ಹೋಗುವುದಕ್ಕೂ ಇದೇ ಕಾರಣ ಇರಬೇಕು.

ಮೂಡಿಗೆರೆ ಕಣ:
ಏನೂ ಹಾಕದೆ ಬೆಳೆದರೆ ತುಕ್ಕು ರೋಗ ಬಂದಾಗ ಏನು ಮಾಡುತ್ತಾರೆ?

ಹ್ಯಾಂಬರ್ಗ್ ಮಲೆನಾಡಿಗ:
ಬಂತು, ಸತ್ತರು ಅನ್ನುವ ಹಾಗಾಯಿತು. 2012-13ರಲ್ಲಿ ಎಲೆ ತುಕ್ಕು ಲ್ಯಾಟಿನ್ ಅಮೆರಿಕದ ಉದ್ದಕ್ಕೂ ಹರಡಿತಲ್ಲ, ಪೆರುವಿಗೂ ಬಲವಾಗಿ ಹೊಡೆಯಿತು. ಅವರು ಅದಕ್ಕೆ 'ರೋಯ' ಅನ್ನುತ್ತಾರೆ. ಟಿಪಿಕ, ಬೊರ್ಬೋನ್, ಕತುರ್ರ ಅಂತ ಹಳೇ ತಳಿಗಳ ಮುದಿ ಗಿಡಗಳೇ ಇದ್ದವು, ಎಲೆ ಉದುರಿ ಬರೀ ಕಡ್ಡಿ ನಿಂತಿತು. ಸರ್ಕಾರ ಸಾಲ ಕೊಟ್ಟು ಹೊಸ ಗಿಡ ಹಾಕಿಸಿತು. ಹೆಚ್ಚಿನವರು ಹಾಕಿದ್ದು ತುಕ್ಕು ತಡೆಯುವ ಮಿಶ್ರತಳಿ ಕತಿಮೋರ್.

ಮೂಡಿಗೆರೆ ಕಣ:
ಓ, ಕತಿಮೋರ್ ಅಂದರೆ ನಮ್ಮ ಕಾವೇರಿ ತಳಿ! ಅದನ್ನು ನಾವೂ ಕುಣಿದು ಕುಪ್ಪಳಿಸಿ ನೆಟ್ಟವರೇ. ಗಿಡ್ಡ ಗಿಡ, ಒತ್ತೊತ್ತಾಗಿ ಹಾಕಬಹುದು, ಬೇಗ ಫಸಲು. ಕೆಲವು ವರ್ಷಕ್ಕೆ ತುಕ್ಕು ಅದನ್ನೂ ಹಿಡಿಯಿತು, ಕಾಂಡಕೊರಕ ಹುಳವಂತೂ ಹುಡುಕಿಕೊಂಡು ಬಂದು ತಿಂದಿತು. ನಮ್ಮಪ್ಪ ಹಾಕಿದ್ದ ಹಳೇ ಅರೇಬಿಕಾ ತಳಿ ಎಸ್ 795 ಈಗಲೂ ನಿಂತಿದೆ. ರುಚಿಯಲ್ಲೂ ನನಗೆ ಅದೇ ಮೇಲು. ಪೆರುವಿನವರಿಗೆ ಕಾಂಡಕೊರಕದ ಕಾಟ ಇಲ್ಲ, ಪುಣ್ಯವಂತರು.

ಹ್ಯಾಂಬರ್ಗ್ ಮಲೆನಾಡಿಗ:
ಅಲ್ಲೂ ಅದೇ ಜಗಳ ನಡೆಯುತ್ತಿದೆ. ಕತಿಮೋರ್ ಹಾಕಿದವನಿಗೆ ಮೂಟೆ ಜಾಸ್ತಿ, ಹಳೇ ತಳಿ ಉಳಿಸಿಕೊಂಡವನಿಗೆ ಅಂಕ ಜಾಸ್ತಿ. 1800 ಮೀಟರ್‌ನಲ್ಲಿ ಬೆಳೆದ ಕತಿಮೋರನ್ನು ಹಣ್ಣು ಆರಿಸಿ ಕುಯ್ದು ಚೆನ್ನಾಗಿ ಒಣಗಿಸಿದ್ದನ್ನೂ ಕುಡಿದಿದ್ದೇನೆ, ತೆಗಳುವ ಹಾಗಿರಲಿಲ್ಲ.

ಕಪ್ಪು ಕಾಫಿ ಕೃಷ್ಣ:
ಗೂಗಲ್ ಮಾಡುತ್ತಾ ಕೂತೆ, ಬಿಡಲಾಗಲಿಲ್ಲ. ಪುನೊ ಪ್ರಾಂತ್ಯದ 'ತುಂಕಿ' ಅನ್ನುವ ಕಾಫಿ 2010ರಲ್ಲಿ ಅಮೆರಿಕದ ಸ್ಪೆಷಾಲಿಟಿ ಕಾಫಿ ಸಂಘದ ಸ್ಪರ್ಧೆಯಲ್ಲಿ ಗೆದ್ದಿದೆ. ಬೆಳೆದವರು ವಿಲ್ಸನ್ ಸುಕಾಟಿಕೋನ ಅನ್ನುವ ರೈತ. ತುಂಕಿ ಅಂದರೆ ಅವರ ರಾಷ್ಟ್ರಪಕ್ಷಿ, ಕೆಂಪು ಕಿತ್ತಳೆ ಬಣ್ಣದ್ದು. ಹಾಗಾದರೆ 2010ರಿಂದ ನಾನು ತಪ್ಪು ಹೇಳುತ್ತಾ ಬಂದಿದ್ದೇನೆ!

ಹ್ಯಾಂಬರ್ಗ್ ಮಲೆನಾಡಿಗ:
ಆ ಕತೆಯ ಮುಂದಿನ ಭಾಗ ಬೇಸರದ್ದು. ಅದೇ ಸಾಂಡಿಯ ಕಣಿವೆಗಳಲ್ಲಿ ತುಕ್ಕು ಬಂದ ಮೇಲೆ ಎಷ್ಟೋ ಜನ ಕಾಫಿ ಕಿತ್ತು ಕೊಕೇನ್ ತೆಗೆಯುವ ಕೋಕಾ ಗಿಡ ಹಾಕಿದರು. ಕೋಕಾ ಎಲೆ ವರ್ಷಕ್ಕೆ ಮೂರು ನಾಲ್ಕು ಸಲ ಕೊಯ್ಯಬಹುದು, ಕೊಳ್ಳುವವನು ಮನೆಬಾಗಿಲಿಗೇ ಬರುತ್ತಾನೆ. ಬಹುಮಾನ ಬಂದ ಕಾಫಿಗೆ ರಸ್ತೆಯೇ ಇಲ್ಲ.

ಇತಿಹಾಸದ ಮೇಷ್ಟ್ರು, ಧಾರವಾಡ:
ತಡವಾಗಿ ಬಂದೆ. ಒಂದೆರಡು ಮಾತು. ಸಣ್ಣ ಹಿಡುವಳಿ ಯಾಕೆ ಅನ್ನುವುದಕ್ಕೆ ಹಿಂದಕ್ಕೆ ಹೋಗಬೇಕು. ಚಿಲಿ ಜೊತೆ ಯುದ್ಧದಲ್ಲಿ ಸೋತು ಸಾಲದಲ್ಲಿ ಮುಳುಗಿದ್ದ ಪೆರು, 1890ರ ಹೊತ್ತಿಗೆ ತನ್ನ ರೈಲುಗಳನ್ನೂ ಪೆರೆನೆ ಕಣಿವೆಯ ದೊಡ್ಡ ಜಮೀನನ್ನೂ ಬ್ರಿಟಿಷ್ ಸಾಲಗಾರರ ಕಂಪನಿಗೆ ಬರೆದುಕೊಟ್ಟಿತು. ಆ ಕಾಡು ಅಶಾನಿಂಕ ಜನರದ್ದು, ಅವರನ್ನು ಯಾರೂ ಕೇಳಲಿಲ್ಲ. ಕಂಪನಿ ಅಲ್ಲಿ ಕಾಫಿ ತೋಟ ಮಾಡಿತು. ನಮ್ಮ ಕೊಡಗಿನ ಬ್ರಿಟಿಷ್ ತೋಟದ ದೊರೆಗಳ ಕತೆಯ ಇನ್ನೊಂದು ಅಧ್ಯಾಯ ಅನ್ನಿ.

ಕುಸ್ಕೋ ಕಡೆಯದು ಇನ್ನೂ ಸ್ವಾರಸ್ಯ. ಲಾ ಕಾನ್ವೆನ್ಸಿಯೋನ್ ಕಣಿವೆಯ ಒಕ್ಕಲುಗಳು ಜಮೀನ್ದಾರನ ಹೊಲದಲ್ಲಿ ಬಿಟ್ಟಿ ದುಡಿಯಬೇಕಿತ್ತು. ಬದಲಿಗೆ ಸಿಗುತ್ತಿದ್ದದ್ದು ಬೆಟ್ಟದ ಇಳಿಜಾರಿನ ಒಂದು ತುಂಡು. ಆ ತುಂಡಿನಲ್ಲಿ ಅವರು ಕಾಫಿ ಹಾಕಿದರು. ಕೈಗೆ ಕಾಸು ಬಂತು. ಕಾಸು ಬಂದ ಮೇಲೆ ಬಿಟ್ಟಿ ದುಡಿಯುವುದಿಲ್ಲ ಅಂದರು. 1960ರ ಸುಮಾರಿಗೆ ರೈತ ನಾಯಕ ಊಗೊ ಬ್ಲಾಂಕೊ ಮುಂತಾದವರ ಮುಂದಾಳತ್ವದಲ್ಲಿ ದೊಡ್ಡ ಮುಷ್ಕರಗಳೇ ಆದವು. 1969ರಲ್ಲಿ ಜನರಲ್ ವೆಲಾಸ್ಕೊ ಸರ್ಕಾರ ದೇಶದಾದ್ಯಂತ ಭೂಸುಧಾರಣೆ ತಂದಿತು. ಉಳುವವನಿಗೆ ನೆಲ ಸಿಕ್ಕಿತು, ಸಹಕಾರ ಸಂಘಗಳು ಬೆಳೆದವು. ಕಾಫಿ ಗಿಡ ಅಲ್ಲಿ ಒಕ್ಕಲಿನ ಕಡೆ ನಿಂತಿತ್ತು.

ಸಾಗರದ ಸುಮ:
ಮೇಷ್ಟ್ರೇ, ಇದನ್ನು ಯಾವ ಚೀಲದ ಮೇಲೂ ಬರೆದಿರುವುದಿಲ್ಲ ನೋಡಿ.

ಬಸವನಗುಡಿ ರೋಸ್ಟರ್:
ಚೀಲದ ಮೇಲೆ ಬರೆಯುವುದು ಕೋವಾಟಿ ಕಾಫಿ ಬಗ್ಗೆ! ಮಧ್ಯ ಪೆರುವಿನಲ್ಲಿ ಉದ್ದ ಮೂತಿಯ ಕೋವಾಟಿ ಅನ್ನುವ ಪ್ರಾಣಿಗೆ ಹಣ್ಣು ತಿನ್ನಿಸಿ, ಲದ್ದಿಯಿಂದ ಆರಿಸಿದ ಬೀಜ. ನಮ್ಮ ಕಡೆ ಪುನುಗು ಬೆಕ್ಕಿನದ್ದು ಮಾರುತ್ತಾರಲ್ಲ, ಅದೇ ವ್ಯಾಪಾರ. ಒಬ್ಬರು ತಂದುಕೊಟ್ಟಿದ್ದರು. ಸಾಧಾರಣ ಕಾಫಿ, ಅಸಾಧಾರಣ ಬಿಲ್ಲು. ಪ್ರಾಣಿಯನ್ನು ಗೂಡಿನಲ್ಲಿ ಕೂಡಿಹಾಕಿದ್ದಾರೋ ಇಲ್ಲವೋ ಅನ್ನುವ ಚಿಂತೆ ಬೇರೆ.

ಎಡಿಸನ್ ಡಿಕಾಕ್ಷನ್:
ನಮ್ಮ ಪ್ರಯೋಗದ ವರದಿ ಕೊಡುತ್ತೇನೆ. ಹ್ಯಾಂಬರ್ಗ್‌ನವರು ಹೇಳಿದಂತೆ ಊರಿನ ಹೆಸರು, ಎತ್ತರ, ಹುರಿದ ದಿನ ಬರೆದಿರುವ ಚೀಲ ಹುಡುಕಿದೆ. ಸಾನ್ ಇಗ್ನಾಸಿಯೋದ್ದೇ ಸಿಕ್ಕಿತು, 1750 ಮೀಟರ್, ಹುರಿದು ಒಂಬತ್ತು ದಿನ. ಬೆಲೆ ಆ ಗೋಣಿ ಕಾಫಿಯ ಎರಡೂವರೆ ಪಟ್ಟು.

ಮೊದಲ ದಿನ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಓಡಿಹೋಯಿತು. ಪುಡಿ ದಪ್ಪ ಆಗಿತ್ತು. ಎರಡನೇ ದಿನ ಸಣ್ಣ ಮಾಡಿದೆ, ಚೆನ್ನಾಗಿ ಒತ್ತಿದೆ, ಮುಕ್ಕಾಲು ಗಂಟೆ ತೆಗೆದುಕೊಂಡಿತು. ಚಿಕೋರಿ ಇಲ್ಲದೆ ಹಾಲು ಹಾಕಿದರೆ ಘಮ ಇದೆ, ಮೈಕಟ್ಟು ಇಲ್ಲ. ರೋಸ್ಟರ್ ಸಾರ್ ಹೇಳಿದ ಹಾಗೆ ಮೂರನೇ ದಿನ 10% ಚಿಕೋರಿ ಹಾಕಿ, ಹಾಲು ಅರ್ಧಕ್ಕೆ ಇಳಿಸಿದೆ. ಚೆನ್ನಾಗಿತ್ತು. ನಮ್ಮೂರಿನ ಕಾಫಿ ಅಲ್ಲ. ಆದರೆ ಚೆನ್ನಾಗಿತ್ತು.

ಹೆಂಡತಿಗೆ ಏನೂ ಹೇಳದೆ ಕೊಟ್ಟೆ. "ಊರಿಂದ ಯಾರು ಬಂದಿದ್ದರು?" ಅಂದಳು.

ಕಪ್ಪು ಕಾಫಿ ಕೃಷ್ಣ:
ಹಾಲು ಹಾಕಿ ಕೊಂದಿರಿ. ಇರಲಿ. ನನಗೂ ಒಂದು ಚೀಲ ಹೇಳಿ.

ಹ್ಯಾಂಬರ್ಗ್ ಮಲೆನಾಡಿಗ:
ಅವಸರ ಮಾಡಬೇಡಿ ಕೃಷ್ಣ ಅವರೇ. ಅಲ್ಲಿ ಕುಯ್ಲು ಏಪ್ರಿಲ್‌ನಿಂದ ಸೆಪ್ಟೆಂಬರ್, ಎತ್ತರದ ತೋಟಗಳದ್ದು ಕೊನೆಗೆ. ಪಾಯಿತಾ ಇಲ್ಲವೇ ಕಯ್ಯಾವೊ ಬಂದರಿನಿಂದ ಹಡಗು ಹತ್ತಿ ನಮ್ಮ ಕಡೆ ಮುಟ್ಟುವಷ್ಟರಲ್ಲಿ ವರ್ಷದ ಕೊನೆ. ಈಗ ಅಂಗಡಿಯಲ್ಲಿರುವುದು ಹೋದ ವರ್ಷದ ಬೆಳೆ, ಮುಪ್ಪಾಗುತ್ತಿದೆ. ಜನವರಿಯಲ್ಲಿ ಕೇಳಿ, "ಹೊಸ ಬೆಳೆ ಬಂತಾ?" ಅಂತ. ಆ ಪ್ರಶ್ನೆಗೆ ಅಂಗಡಿಯವನು ಕಣ್ಣು ಕಣ್ಣು ಬಿಟ್ಟರೆ ಅಲ್ಲಿ ಕೊಳ್ಳಬೇಡಿ.

ಮೂಡಿಗೆರೆ ಕಣ:
ಎಡಿಸನ್‌ನವರೇ, ಅಪ್ಪನಿಗೆ ಕಳಿಸುವಾಗ ಹುರಿಯದ ಬೀಜ ಒಂದು ಹಿಡಿ ನನಗೂ ಕಳಿಸಿ. ನಮ್ಮ 795 ಪಕ್ಕದಲ್ಲಿಟ್ಟು ಹಲ್ಲಿನಲ್ಲಿ ಕಚ್ಚಿ ನೋಡಬೇಕು, ಎಷ್ಟು ಗಟ್ಟಿ ಇದೆ ಅಂತ.